ಗುಜರಿಯವರು ಮುಟ್ಟದ ಚೀಲ

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಾನು ನಮ್ಮೂರ ಹೈಸ್ಕೂಲಿನ ಇಕೋ ಕ್ಲಬ್ ಲೀಡರ್. ಶಾಲೆ ಮುಂದೆ ಬೇವು, ನೇರಳೆ ಸಸಿ ನೆಟ್ಟಿದ್ದೆವು. ಮೇಕೆ ನುಗ್ಗದಂತೆ ಬೇಲಿ ಹಾಕಿಸಲು ದುಡ್ಡಿರಲಿಲ್ಲ. "ಗುಜರಿ ಸಾಮಾನು ಕೂಡಿಸಿ ಮಾರೋಣ" ಅಂದರು ವಿಜ್ಞಾನದ ಮೇಷ್ಟ್ರು.

ಶನಿವಾರ ಶಾಲೆ ಬಿಟ್ಟ ಮೇಲೆ ಮನೆಮನೆ ತಿರುಗಿ ರದ್ದಿ ಪೇಪರ್, ರಟ್ಟು, ನೀರಿನ ಬಾಟಲಿ, ತೊಳೆದ ಹಾಲಿನ ಕವರ್ ತಂದೆವು. ಬೀದಿಯಲ್ಲಿ ಆಯ್ದ ಚಿಪ್ಸ್, ಬಿಸ್ಕತ್ತು, ಶಾಂಪೂ ಪ್ಯಾಕೆಟ್ಟುಗಳೇ ಒಂದು ದೊಡ್ಡ ಚೀಲ ಆದವು.

ಗುಜರಿಯವರು ಎಲ್ಲ ತೂಗಿ ದುಡ್ಡು ಕೊಟ್ಟರು. ಆ ಚೀಲ ಮಾತ್ರ ಮುಟ್ಟಲಿಲ್ಲ. "ಇದರಲ್ಲಿ ಎರಡು ಮೂರು ಪದರ ಅಂಟ್ಕೊಂಡಿರ್ತವೆ ಮಗಾ. ಬಿಡಿಸೋಕಾಗಲ್ಲ, ಯಾರೂ ಕೊಳ್ಳಲ್ಲ" ಅಂದರು. ಸುಡೋಣ ಅಂದರೆ ಮೇಷ್ಟ್ರು ಬಿಡಲಿಲ್ಲ, ಹೊಗೆ ವಿಷ.

ಆ ಪ್ಯಾಕೆಟ್ಟುಗಳಲ್ಲಿ ಹೆಚ್ಚಿನವು ನಮ್ಮ ಪೆಟ್ಟಿಗೆ ಅಂಗಡಿಯವೇ. ಸಂಜೆ ಹೊತ್ತು ಮಾಲೆಯಿಂದ ಹರಿದು ಕೊಡುತ್ತಿದ್ದವಳು ನಾನೇ. ಅಪ್ಪನಿಗೆ ಹೇಳಿದೆ. "ಅದನ್ನ ಮಾರೋದು ಬಿಟ್ರೆ ನಿನ್ನ ಓದಿಗೆ ಎಲ್ಲಿಂದ ತರಲಿ?" ಅಂದರು. ನಾನು ಸುಮ್ಮನಾದೆ.

ಬೇಲಿ ಬಂತು, ಸಸಿ ಉಳಿದವು. ಚೀಲ ಶಾಲೆಯ ಮೂಲೆಯಲ್ಲೇ ಉಳಿಯಿತು.

ಪತ್ರಿಕೋದ್ಯಮ ಓದುವಾಗ ಗೊತ್ತಾಯಿತು: 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ಇಂಥ ಪ್ಯಾಕೆಟ್ಟುಗಳನ್ನು ವಾಪಸ್ ಸಂಗ್ರಹಿಸುವ ಹೊಣೆ ಅವುಗಳಲ್ಲಿ ಮಾಲು ತುಂಬಿ ಮಾರುವ ಕಂಪನಿಗಳದ್ದು. ಊರಿಗೆ ಹೋದಾಗ ಅಪ್ಪನಿಗೆ ಓದಿ ಹೇಳಿದೆ.

ಅಪ್ಪ ಮಾಲೆಗಳ ಕಡೆ ನೋಡಿದರು. "ಹಂಗಾದ್ರೆ ಮಾಲು ತರೋ ಗಾಡೀಲೇ ಖಾಲಿ ಪ್ಯಾಕೆಟ್ಟೂ ಹೋಗ್ಬೇಕಲ್ವೇನಮ್ಮಾ? ವಾರಾ ವಾರಾ ಬರ್ತದೆ, ಖಾಲಿ ವಾಪಸ್ ಹೋಗ್ತದೆ."

ನಿಮ್ಮೂರಿಗೂ ಆ ಗಾಡಿ ಬರುತ್ತದೆ. ಒಮ್ಮೆ ಕೇಳಿ ನೋಡಿ.