ನಳಿಗೆಗೂ ಅಲಂಕಾರ

ಅಲಂಕಾರವೆಂದರೆ ಹೊತ್ತು ಹೋಗದ ಹೆಂಗಸರ ಕೆಲಸ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ವಿಜ್ಞಾನಿಗಳೂ ಅಲಂಕಾರ ಮಾಡುತ್ತಾರೆ, ಅದೂ ಕಣ್ಣಿಗೆ ಕಾಣದ ನಳಿಗೆಗಳಿಗೆ ಎಂದು ನನಗೆ ತಿಳಿಸಿದವಳು ಬೆಂಗಳೂರಿನಲ್ಲಿ ಸಂಶೋಧನೆ ಮಾಡುತ್ತಿರುವ ನನ್ನ ಮಗಳು.

ಇಂಗಾಲದ ಪರಮಾಣುಗಳು ಜೇನುಹುಟ್ಟಿನಂತೆ ಹೆಣೆದುಕೊಂಡು, ಸುರುಳಿಯಾಗಿ ನಿಂತರೆ ನ್ಯಾನೊ ನಳಿಗೆ. ನಮ್ಮ ತಲೆಗೂದಲಿಗಿಂತ ಸಾವಿರಾರು ಪಟ್ಟು ತೆಳು. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಇವುಗಳ ವಿವರ ಪ್ರಕಟಿಸಿದ ಮೇಲೆ ಲೋಕದ ಗಮನ ಇತ್ತ ಹರಿಯಿತು. 1996ರಲ್ಲಿ ನಮ್ಮ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು ಚಿನ್ನ, ಬೆಳ್ಳಿ, ಪ್ಲಾಟಿನಂ ಕಣಗಳನ್ನು ಈ ನಳಿಗೆಗಳಿಗೆ ಅಂಟಿಸಿದ ಬಗ್ಗೆ ಬರೆದರು. ಆ ಲೇಖನದ ಹೆಸರಲ್ಲೇ ‘ಡೆಕೊರೇಷನ್’ ಎಂಬ ಪದವಿದೆ!

ನಳಿಗೆಯ ಮೈ ಬಲು ನುಣುಪು, ಲೋಹ ಸುಲಭಕ್ಕೆ ನಿಲ್ಲದು. ಅದಕ್ಕೇ ಮೊದಲು ನೈಟ್ರಿಕ್ ಆಮ್ಲದಲ್ಲಿ ಕುದಿಸುತ್ತಾರೆ. ಆಗ ಮೈಮೇಲೆ ಅಲ್ಲಲ್ಲಿ ಆಮ್ಲಜನಕದ ಕೊಕ್ಕೆಗಳು ಏಳುತ್ತವೆ. ಆಮೇಲೆ ಪ್ಲಾಟಿನಂ ಲವಣದ ದ್ರಾವಣ ಬೆರೆಸಿ, ಮತ್ತೊಂದು ರಾಸಾಯನಿಕದಿಂದ ಲೋಹವನ್ನು ಬಿಡಿಸಿದರೆ ಕಣಗಳು ಕೊಕ್ಕೆ ಇದ್ದಲ್ಲಿ ಕೂರುತ್ತವೆ. ಆಮ್ಲ ಅತಿಯಾದರೆ ನಳಿಗೆಯೇ ಹಾಳು, ಕಡಿಮೆಯಾದರೆ ಕಣಗಳು ಒಂದಕ್ಕೊಂದು ಅಂಟಿ ಮುದ್ದೆ.

“ನಮ್ಮ ಕಲಾಯಿಯವನ ಹಾಗೇ ಆಯ್ತಲ್ಲೇ! ಪಾತ್ರೆ ಉಜ್ಜಿ, ಕಾಯಿಸಿ, ನವಸಾಗರ ಉದುರಿಸದೆ ತವರ ಹಿಡಿಯೋದಿಲ್ಲ,” ಎಂದೆ.

“ಹೌದಮ್ಮ. ಆದ್ರೆ ಅವನು ಇಡೀ ಪಾತ್ರೆಗೆ ಬಳೀತಾನೆ. ನಮಗೆ ಬೇಕಾದ್ದು ರಂಗೋಲಿ ಚುಕ್ಕಿ ಥರ, ಬಿಡಿಬಿಡಿಯಾಗಿ.”

ಕಾರಣವೂ ಸರಳ. ಜಲಜನಕದಿಂದ ವಿದ್ಯುತ್ ತೆಗೆಯುವ ಇಂಧನ ಕೋಶದಲ್ಲಿ ಪ್ಲಾಟಿನಂ ಬೇಕು, ಅದು ಬಲು ದುಬಾರಿ. ಕೆಲಸ ನಡೆಯುವುದು ಲೋಹದ ಹೊರಮೈಯಲ್ಲಿ ಮಾತ್ರ, ಮುದ್ದೆಯಾದರೆ ಒಳಗಿನದೆಲ್ಲ ದಂಡ. ಚುಕ್ಕಿ ಚಿಕ್ಕದಾದಷ್ಟೂ ಅಷ್ಟೇ ಲೋಹಕ್ಕೆ ಹೆಚ್ಚು ಮೈ. ಅಂದಮೇಲೆ ಈ ಅಲಂಕಾರ ಚೆಂದಕ್ಕಲ್ಲ, ಅದೇ ಕೆಲಸ.

ಕಳೆದ ವರ್ಷ ಒಳ್ಳೆಯ ಮನೆತನದ ಸಂಬಂಧವೊಂದು ಬಂತು. “ಓದಿದ್ದು ಸಾಕು, ಇದನ್ನೆಲ್ಲ ಬಿಟ್ಟು ಬರಲಿ” ಎಂದರು ಹುಡುಗನ ತಾಯಿ. ಪಿಎಚ್.ಡಿ.ಗೆ ಇನ್ನೂ ಒಂದೂವರೆ ವರ್ಷವಿತ್ತು. ಸಾಲದ್ದಕ್ಕೆ ಅದೇ ತಿಂಗಳು ಮಗಳ ಕಣಗಳೆಲ್ಲ ಮುದ್ದೆಗಟ್ಟಿ, ಆರು ತಿಂಗಳ ದುಡಿಮೆ ನೀರುಪಾಲಾಗಿತ್ತು. “ಏನ್ ಮಾಡ್ಲಮ್ಮ?” ಎಂದು ಕೇಳಿದಾಗ ಅವಳ ದನಿ ಕುಗ್ಗಿತ್ತು. ಇವರು ಮಾತಾಡದೆ ನನ್ನ ಮುಖ ನೋಡಿದರು.

ನಾನು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಹಸೆಮಣೆ ಏರಿದವಳು. ಆಗ ಯಾರೂ ನನ್ನನ್ನು ಕೇಳಲಿಲ್ಲ. “ಕಟ್ಟಿದ ಹೂವು ಜಾರಿತೂಂತ ದಾರ ಬಿಸಾಡ್ತಾರೇನೇ? ಇನ್ನೊಂದ್ಸಲ ಕಟ್ಟು,” ಎಂದೆ. ಸಂಬಂಧ ಮುಂದುವರಿಯಲಿಲ್ಲ. ಬೀದಿಯವರು ನಾಲ್ಕು ದಿನ ಆಡಿಕೊಂಡರು, ಐದನೆಯ ದಿನ ಅವರಿಗೆ ಬೇರೆ ಸುದ್ದಿ ಸಿಕ್ಕಿತು.

ಈಗ ಅವಳು ಆಮ್ಲದಲ್ಲಿ ಕುದಿಸುವ ಹೊತ್ತನ್ನು ಹೆಚ್ಚುಕಡಿಮೆ ಮಾಡಿ ನೋಡುತ್ತಿದ್ದಾಳೆ. ಭಾನುವಾರ ಫೋನು ಬಂದರೆ ಊಟ-ತಿಂಡಿಗಿಂತ ಮೊದಲು ನಾನು ಕೇಳುವುದು, “ಕೂತ್ವೇನೇ?”

“ಅರ್ಧ ಕೂತಿವೆ, ಅಮ್ಮ.”