ನಾಲ್ಕು ದಿನದ ಕಣ

ನಮ್ಮೂರಲ್ಲಿ ರಾಗಿಗೆ ಕಣ ಮಾಡೋದು ಅಂದ್ರೆ ಎರಡು ದಿನದ ಕೆಲಸ. ಹುಲ್ಲು ಕೆತ್ತಿ, ನೀರು ಹಾಕಿ, ನೆಲ ಗಟ್ಟಿ ಮಾಡಿ, ಸಗಣಿ ಬಗ್ಗಡದಲ್ಲಿ ಸಾರಿಸಬೇಕು. "ನಾಲ್ಕು ದಿನ ಬಳಸಿ ಬಿಡೋ ಜಾಗಕ್ಕೆ ಇಷ್ಟೆಲ್ಲಾ ಯಾಕಪ್ಪಾ?" ಅಂತ ಚಿಕ್ಕವನಿದ್ದಾಗ ಕೇಳಿದ್ದೆ. "ಮಣ್ಣು ಬೆರೆತ ರಾಗೀನ ನೀನು ಆರಿಸ್ತೀಯೇನ್ಲಾ?" ಅಂದಿದ್ದ ಅಪ್ಪ.

ಇದು ನೆನಪಾಗಿದ್ದು ಕಳೆದ ಡಿಸೆಂಬರ್ ಕೊನೆಯ ರಾತ್ರಿ, ಒಂದೂವರೆ ಗಂಟೆಗೆ. ಹೊರಗೆ ಹೊಸ ವರ್ಷದ ಪಟಾಕಿ. ಒಳಗೆ ನಾನು, ಮತ್ತು ಮುಗಿಯದ ಒಂದು ಜಾಬ್. ನಾನು ನೋಡಿಕೊಳ್ಳೋದು ಗುತ್ತಿಗೆ ಕಾರ್ಮಿಕರ ಸಂಬಳದ ಸಾಫ್ಟ್‌ವೇರ್. ಬೆಳಗ್ಗೆ 6ಕ್ಕೆ ಫೈಲ್ ಬ್ಯಾಂಕಿಗೆ ಹೋಗದಿದ್ರೆ 30 ಸಾವಿರ ಜನಕ್ಕೆ ಸಂಬಳ ಒಂದು ದಿನ ತಡ. ನಮಗೆ ಒಂದು ದಿನ ಏನೂ ಅಲ್ಲ. ಬಾಡಿಗೆ, ಚೀಟಿ ದುಡ್ಡು ಎಲ್ಲ ಸಂಬಳದ ದಿನವೇ ಕಟ್ಟೋರಿಗೆ ಹಾಗಲ್ಲ.

ತಿಂಗಳ ಪಂಚಿಂಗ್ ದಾಖಲೆ, ಸುಮಾರು 15 ಲಕ್ಷ ಸಾಲು, ಪೋಸ್ಟ್‌ಗ್ರೆಸ್‌ನ ಟೆಂಪರರಿ ಟೇಬಲ್‌ಗೆ ತುಂಬಿ, ಒಬ್ಬೊಬ್ಬರ ಓಟಿ, ರಾತ್ರಿ ಪಾಳಿ ಭತ್ಯೆ, ರಜೆ ಲೆಕ್ಕ ಹಾಕಬೇಕು. ಆ ಟೇಬಲ್‌ಗೆ ಇಂಡೆಕ್ಸ್ ಇರಲಿಲ್ಲ. ಬರೆದವನು ನಾನೇ. ಸೆಷನ್ ಮುಗಿದ್ರೆ ಮಾಯವಾಗೋ ಟೇಬಲ್‌ಗೆ ಇಂಡೆಕ್ಸ್ ಯಾಕೆ ಅಂತ ಬಿಟ್ಟಿದ್ದೆ. 2 ಸಾವಿರ ಜನ ಇದ್ದಾಗ ಹೇಗೋ ನಡೀತಿತ್ತು. ಈಗ ಒಬ್ಬರ 50 ಪಂಚಿಂಗ್ ಹುಡುಕೋಕೆ 15 ಲಕ್ಷ ಸಾಲು ಓದಬೇಕು. 30 ಸಾವಿರ ಜನಕ್ಕೆ ಗುಣಿಸಿದ್ರೆ 4500 ಕೋಟಿ. ಅದೂ ಮೂರು ಲೆಕ್ಕಕ್ಕೆ ಮೂರು ಸಲ.

ಜಾಬ್ ನಿಲ್ಲಿಸಿ ಎಂಪ್ಲಾಯಿ ಐಡಿ, ದಿನಾಂಕದ ಮೇಲೆ ಇಂಡೆಕ್ಸ್ ಹಾಕಿದೆ. ಅವಸರದಲ್ಲಿ ಖಾಲಿ ಟೇಬಲ್‌ಗೇ ಹಾಕಿಬಿಟ್ಟೆ. ಒಂದೊಂದು ಸಾಲು ಸೇರಿದಾಗಲೂ ಇಂಡೆಕ್ಸನ್ನೂ ತಿದ್ದಬೇಕಾಗಿ, ತುಂಬೋದೇ ನಿಧಾನವಾಯ್ತು. ಮೊದಲು ಡೇಟಾ, ಆಮೇಲೆ ಇಂಡೆಕ್ಸ್ ಅಂತ ಕ್ರಮ ಬದಲಿಸಿದೆ. ಹುಡುಕಾಟ ಸರಸರ ಆಯ್ತು. ಪಾಳಿ ಟೇಬಲ್ ಜೊತೆಗಿನ ಜಾಯಿನ್ ಮಾತ್ರ ಕುಂಟುತ್ತಲೇ ಇತ್ತು. ಎಕ್ಸ್‌ಪ್ಲೇನ್ ಹಾಕಿ ನೋಡಿದ್ರೆ, 50 ಸಾಲು ಬರೋ ಕಡೆ ಸಾವಿರಾರು ಬರುತ್ತೆ ಅಂತ ಅಂದಾಜು ಮಾಡಿ ಪ್ಲಾನರ್ ಪ್ರತಿ ಸಲ ಪಾಳಿ ಟೇಬಲ್ ಪೂರ್ತಿ ಓದ್ತಿದೆ! ಬೇರೆ ಟೇಬಲ್‌ಗಳ ಅಂಕಿಅಂಶವನ್ನ ಆಟೋವ್ಯಾಕ್ಯೂಮ್ ತಾನೇ ನೋಡಿಕೊಳ್ಳುತ್ತೆ. ಟೆಂಪರರಿ ಟೇಬಲ್ ನಮ್ಮ ಸೆಷನ್ನಿನ ಒಳಗಿನದು, ಅದರ ಕೈಗೆ ಸಿಗಲ್ಲ. ತುಂಬಿದ ಮೇಲೆ ಅನಲೈಜ್ ಅಂತ ನಾವೇ ಹೇಳಬೇಕು. ಒಂದೇ ಸಾಲಿನ ಕೋಡ್. ಮೂರು ವರ್ಷದಿಂದ ಬರೆದಿರಲಿಲ್ಲ.

ಹಾಗಂತ ಕಂಡಕಂಡ ಟೇಬಲ್‌ಗೆಲ್ಲ ಹಾಕೋಕೆ ಹೋಗಬೇಡಿ. ಒಂದೇ ಸಲ ಪೂರ್ತಿ ಓದಿ ಬಿಡೋದಾದ್ರೆ ಇಂಡೆಕ್ಸ್ ಕಟ್ಟೋ ಖರ್ಚೇ ದಂಡ. ಒಂದು ಮಂಕರಿ ಅವರೆಕಾಯಿ ಬಿಡಿಸೋಕೆ ಯಾರೂ ಕಣ ಮಾಡಲ್ಲ.

ನಾಲ್ಕು ಗಂಟೆ ಹೊತ್ತಿಗೆ ಫೈಲ್ ಹೋಯ್ತು. ಬೆಳಗ್ಗೆ ಅಪ್ಪನಿಗೆ ಫೋನ್ ಮಾಡಿದಾಗ ಕಣದ ಮಾತೆತ್ತಿದೆ.

"ಕಣ ಎಲ್ಲೈತಪ್ಪ ಈಗ? ಟಾರ್ ರೋಡ್ ಮೇಲೆ ಹರಡ್ತೀವಿ. ಬಸ್ಸು, ಲಾರಿ ತುಳೀತವೆ."

"ಕಲ್ಲು ಬೆರೆಯಲ್ವಾ?"

"ಬೆರೀತದೆ. ನಿಮ್ಮವ್ವ ಆರಿಸ್ತಾಳೆ."