ಬಾಕುವಿನ ಹಸಿರು ಹೂರಣ

ಕಾಸ್ಪಿಯನ್ ಸಮುದ್ರದೊಳಕ್ಕೆ ಹದ್ದಿನ ಕೊಕ್ಕಿನಂತೆ ಚಾಚಿಕೊಂಡಿರುವ ಅಬ್ಶೆರಾನ್ ಪರ್ಯಾಯದ್ವೀಪದ ದಕ್ಷಿಣ ತೀರದಲ್ಲಿ, ಸಾಗರಮಟ್ಟಕ್ಕಿಂತ 28 ಮೀಟರುಗಳಷ್ಟು ತಗ್ಗಿನಲ್ಲಿ, ಅಜರ್‌ಬೈಜಾನಿನ ರಾಜಧಾನಿಯಾದ ಬಾಕು ನಗರ ಹರಡಿಕೊಂಡಿದೆ. ಲೋಕಕ್ಕೆ ಈ ನಗರದ ಪರಿಚಯವಾದದ್ದು ಕಲ್ಲೆಣ್ಣೆಯಿಂದ. 1846ರಲ್ಲಿ ಇಲ್ಲಿನ ಬೀಬಿ ಹೈಬತ್ ಎಂಬಲ್ಲಿ ತೈಲಬಾವಿಯನ್ನು ಕೊರೆದರು. ಇಪ್ಪತ್ತನೆಯ ಶತಮಾನದ ಆರಂಭದ ವೇಳೆಗೆ ಪ್ರಪಂಚದ ಕಲ್ಲೆಣ್ಣೆಯಲ್ಲಿ ಸುಮಾರು ಅರ್ಧಪಾಲು ಈ ನೆಲದಿಂದಲೇ ಹೊರಡುತ್ತಿತ್ತು. ಆದರೆ ಬಾಕುವಿನ ಗೃಹಿಣಿಗೆ ನೆಲದ ಒಳಗಿನ ಈ ಕಪ್ಪು ಸಂಪತ್ತಿಗಿಂತ ನೆಲದ ಮೇಲಿನ ಹಸಿರು ಸಂಪತ್ತಿನ ಮೇಲೆಯೇ ಮಮತೆ ಹೆಚ್ಚು. ವಸಂತ ಕಾಲಿಟ್ಟಿತೆಂದರೆ ಆಕೆಯ ಅಡಿಗೆಮನೆಯಲ್ಲಿ ಗುತಾಬಿನ ಕಾಲ ಬಂದಿತೆಂದೇ ಅರ್ಥ.

ಗುತಾಬ್ ಎಂದರೆ ಹೂರಣ ತುಂಬಿದ ತೆಳ್ಳನೆಯ ರೊಟ್ಟಿ. ಮಾಂಸ ತುಂಬಿದರೂ ಗುತಾಬೇ, ಕುಂಬಳಕಾಯಿ ತುಂಬಿದರೂ ಗುತಾಬೇ. ಆದರೆ ವಸಂತದಲ್ಲಿ ಮೆರೆಯುವುದು ಸೊಪ್ಪಿನ ಗುತಾಬ್. ಅದನ್ನು ಅಲ್ಲಿಯವರು 'ಗೋಯ್ ಗುತಾಬಿ' ಎನ್ನುತ್ತಾರೆ. 'ಗೋಯ್' ಎಂಬುದು ಸೊಗಸಾದ ಮಾತು. ಆಕಾಶಕ್ಕೂ ಅದೇ ಹೆಸರು, ನೀಲಿಗೂ ಅದೇ ಹೆಸರು, ಹಸಿರು ಸೊಪ್ಪಿಗೂ ಅದೇ ಹೆಸರು.

ಮಾರ್ಚ್ ತಿಂಗಳ ಕೊನೆಯಲ್ಲಿ, ಹಗಲು ಇರುಳುಗಳು ಸಮನಾಗುವ ಹೊತ್ತಿಗೆ, ನವ್ರುಜ್ ಹಬ್ಬ ಬರುತ್ತದೆ. ತಟ್ಟೆಯಲ್ಲಿ ಮೊಳೆಯಿಸಿದ ಗೋಧಿಯ ಸಸಿಗೆ ಕೆಂಪು ಪಟ್ಟಿ ಕಟ್ಟಿ ಮನೆಮನೆಯಲ್ಲೂ ಇಡುತ್ತಾರೆ. ಆ ದಿನಗಳಲ್ಲಿ 'ಯಾಶಿಲ್ ಬಜಾರ್', ಎಂದರೆ ಹಸಿರು ಪೇಟೆ, ತನ್ನ ಹೆಸರನ್ನು ಸಾರ್ಥಕಗೊಳಿಸುತ್ತದೆ. ಪಾಲಕ್, ಕೊತ್ತಂಬರಿ, ಈರುಳ್ಳಿಯ ಎಳೆಯ ಹಸಿ ಗರಿ, ಸಬ್ಬಸಿಗೆ, ಇವುಗಳ ಜೊತೆಗೆ ನಾಲಗೆಯನ್ನು ಚುರುಕುಗೊಳಿಸುವ ಒಂದು ಹುಳಿಸೊಪ್ಪು. ಅದರ ಎಲೆ ನೀಳವಾಗಿ, ಮೃದುವಾಗಿರುವುದರಿಂದ ಅದಕ್ಕೆ 'ಗುಜುಗುಲಾಗಿ' ಎಂದು ಹೆಸರು. ಕುರಿಮರಿಯ ಕಿವಿ ಎಂದು ಅದರ ಅರ್ಥ. ಅಕ್ಕಿರೊಟ್ಟಿಗೆ ಸಬ್ಬಸಿಗೆ ಬೆರೆಸಿ ತಟ್ಟಿದ ಕೈಗಳಿಗೆ ಈ ಪೇಟೆಯ ಪರಿಮಳ ಅಪರಿಚಿತವೆನಿಸಲಾರದು.

ಗುತಾಬ್ ಮಾಡುವ ಕ್ರಮ ಕಷ್ಟದ್ದಲ್ಲ. ಆದರೆ ಅವಸರದ್ದೂ ಅಲ್ಲ. 400 ಗ್ರಾಂ ಮೈದಾ ಹಿಟ್ಟಿಗೆ ಅರ್ಧ ಚಮಚ ಉಪ್ಪು ಬೆರೆಸಿ, ಸುಮಾರು 200 ಮಿಲಿಲೀಟರು ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಗಟ್ಟಿಯಾಗಿ ಕಲಸಬೇಕು. ಹುದುಗು ಬೇಡ. ಚೆನ್ನಾಗಿ ನಾದಿದ ಕಣಕವನ್ನು ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಬೇಕು. ನಾದುವಾಗ ಬಿಗಿದುಕೊಂಡ ಹಿಟ್ಟಿನ ಅಂಟು ಆ ಬಿಡುವಿನಲ್ಲಿ ಸಡಿಲಗೊಳ್ಳುತ್ತದೆ. ಇಲ್ಲದಿದ್ದರೆ ಲಟ್ಟಣಿಗೆ ಎತ್ತಿದೊಡನೆ ಹಾಳೆ ಮತ್ತೆ ಮುದುಡಿಕೊಳ್ಳುತ್ತದೆ.

ಸೊಪ್ಪು ಎಲ್ಲ ಸೇರಿ ಅರ್ಧ ಕಿಲೋ ಇರಲಿ. ತೊಳೆದ ಸೊಪ್ಪನ್ನು ಬಟ್ಟೆಯ ಮೇಲೆ ಹರಡಿ ನೀರಿನ ಪಸೆ ಉಳಿಯದಂತೆ ಆರಿಸಬೇಕು. ಅನಂತರ ಹರಿತವಾದ ಚಾಕುವಿನಿಂದ ಸಣ್ಣಗೆ ಹೆಚ್ಚಬೇಕು; ಜಜ್ಜಬಾರದು. ಉಪ್ಪನ್ನು ಮಾತ್ರ ಕಟ್ಟಕಡೆಗೆ, ಹೂರಣ ತುಂಬುವ ಗಳಿಗೆಯಲ್ಲಿ ಬೆರೆಸುವುದು. ಮೊದಲೇ ಬೆರೆಸಿದರೆ ಉಪ್ಪು ಸೊಪ್ಪಿನ ನೀರನ್ನೆಲ್ಲ ಹೊರಕ್ಕೆಳೆದು, ಹಾಳೆಯನ್ನು ನೆನೆಸಿ, ಹರಿದುಬಿಡುತ್ತದೆ. ಅನುಭವಿಯಾದ ಗೃಹಿಣಿಯನ್ನೂ ಹೊಸಬಳನ್ನೂ ಬೇರೆ ಮಾಡಿ ತೋರಿಸುವುದು ಇದೊಂದೇ ಗುಟ್ಟು.

ಕಣಕದಿಂದ ಹನ್ನೆರಡು ಉಂಡೆ ಮಾಡಿ, ಒಂದೊಂದನ್ನೂ ಊಟದ ತಟ್ಟೆಗಿಂತ ಕೊಂಚ ಚಿಕ್ಕದಾಗಿ, ಕಾಗದದಂತೆ ತೆಳ್ಳಗೆ ಲಟ್ಟಿಸಬೇಕು. ಅರ್ಧಭಾಗದ ಮೇಲೆ ಸೊಪ್ಪನ್ನು ಹರಡಿ, ಉಳಿದರ್ಧವನ್ನು ಮಡಿಸಿ, ಅಂಚನ್ನು ಒತ್ತಿದರೆ ಕಡುಬಿನಂತೆ ಅರ್ಧಚಂದ್ರನ ಆಕಾರ ಬರುತ್ತದೆ. ಹಳ್ಳಿಗಳಲ್ಲಿ ಇದನ್ನು ಬೇಯಿಸುವುದು 'ಸಾಜ್' ಎಂಬ ಕಬ್ಬಿಣದ ಹಂಚಿನ ಮೇಲೆ. ಮಗುಚಿ ಹಾಕಿದ ಬಾಣಲೆಯಂತೆ ಅದರ ಬೆನ್ನು ಉಬ್ಬಿರುತ್ತದೆ. ಪಟ್ಟಣದ ಮನೆಯಲ್ಲಿ ಸಾಮಾನ್ಯ ಕಾವಲಿಯೇ ಸಾಕು. ಎಣ್ಣೆ ಸವರದೆ, ಕಾದ ಕಾವಲಿಯ ಮೇಲೆ ಒಂದೊಂದು ಬದಿಯನ್ನೂ ಎರಡೆರಡು ನಿಮಿಷ ಬೇಯಿಸಿ, ಇಳಿಸಿದ ಮೇಲೆ ಬೆಣ್ಣೆ ಸವರಿ, ಒಂದರ ಮೇಲೊಂದು ಪೇರಿಸಿ ಬಟ್ಟೆ ಮುಚ್ಚಬೇಕು. ತಮ್ಮದೇ ಹಬೆಯಲ್ಲಿ ಅವು ಮೆತ್ತಗಾಗುತ್ತವೆ. ಗಟ್ಟಿ ಮೊಸರೂ, ಸುಮಾಕ್ ಎಂಬ ಹುಳಿಹಣ್ಣಿನ ಕೆಂಪು ಪುಡಿಯೂ ಇದಕ್ಕೆ ಜೊತೆ. ನಮ್ಮ ಕಡೆ ಹುಳಿಸೊಪ್ಪು ದೊರೆಯದಿದ್ದರೆ ಒಂದು ಹಿಡಿ ಎಳೆಯ ಪುಂಡಿಸೊಪ್ಪು ಆ ಕೊರತೆಯನ್ನು ನೀಗಿಸೀತು.

ಇಷ್ಟಾದರೆ ಇದು ಬರಿಯ ಅಡಿಗೆಯ ಮಾತಾಯಿತು. ಆದರೆ ಕಾಕಸಸ್ ಪ್ರದೇಶದಲ್ಲಿ ರೊಟ್ಟಿಯ ಕಥೆ ಅಡಿಗೆಮನೆಯಲ್ಲೇ ಮುಗಿಯುವುದಿಲ್ಲ. ಬಾಕುವಿನ ಪಶ್ಚಿಮಕ್ಕೆ ಕರಾಬಾಖ್ ಬೆಟ್ಟಸೀಮೆ ಇದೆ. ಅಲ್ಲಿ ನೆಲೆಸಿದ್ದ ಆರ್ಮೇನಿಯನ್ನರದು 'ಝಿಂಗ್ಯಾಲೊವ್ ಹಾತ್ಸ್' ಎಂಬ ಸೊಪ್ಪಿನ ರೊಟ್ಟಿ. ಹತ್ತಕ್ಕೂ ಹೆಚ್ಚು ಬಗೆಯ ಸೊಪ್ಪುಗಳನ್ನು, ಅವುಗಳಲ್ಲಿ ಹಲವನ್ನು ಬೆಟ್ಟದಿಂದಲೇ ಕಿತ್ತು ತಂದು, ಅದರೊಳಗೆ ತುಂಬುತ್ತಿದ್ದರು. ಆಕಾರ ಅರ್ಧಚಂದ್ರನದಲ್ಲ, ನಡುವೆ ಉಬ್ಬಿ ತುದಿಗಳಲ್ಲಿ ಚೂಪಾದ ದೋಣಿಯದು. ಉಳಿದಂತೆ ಎರಡೂ ಅಕ್ಕತಂಗಿಯರು.

ಅಕ್ಕತಂಗಿಯರ ಮನೆಗಳ ನಡುವೆ ಮಾತ್ರ ಬೆಂಕಿ ಬಿದ್ದಿತು. 1990ರ ದಶಕದ ಆರಂಭದ ಯುದ್ಧದಲ್ಲಿ ಕರಾಬಾಖ್ ಮತ್ತು ಅದರ ಸುತ್ತಣ ಜಿಲ್ಲೆಗಳಿಂದ ಲಕ್ಷಾಂತರ ಅಜರ್‌ಬೈಜಾನಿಗಳು ಮನೆಮಠ ಬಿಟ್ಟು ಓಡಬೇಕಾಯಿತು. 2020ರಲ್ಲಿ ಮತ್ತೆ ಯುದ್ಧ. 2023ರ ಸೆಪ್ಟೆಂಬರ್‌ನಲ್ಲಿ ಕೆಲವೇ ದಿನಗಳೊಳಗೆ ಒಂದು ಲಕ್ಷಕ್ಕೂ ಹೆಚ್ಚು ಆರ್ಮೇನಿಯನ್ನರು ಅದೇ ಬೆಟ್ಟಗಳನ್ನು ಬಿಟ್ಟು ಹೊರಟರು. ರೊಟ್ಟಿಯ ಹೆಸರೂ ಈ ವೈಮನಸ್ಯದಿಂದ ದೂರ ಉಳಿಯಲಿಲ್ಲ. ಲವಾಶ್ ಎಂಬ ತೆಳುರೊಟ್ಟಿ ಯುನೆಸ್ಕೋ ಪಟ್ಟಿಗೆ 2014ರಲ್ಲಿ ಆರ್ಮೇನಿಯದ ಹೆಸರಿನಲ್ಲಿ ಸೇರಿತು. 2016ರಲ್ಲಿ ಅಜರ್‌ಬೈಜಾನ್, ಇರಾನ್, ಕಜಕ್‌ಸ್ತಾನ್, ಕಿರ್ಗಿಜ್‌ಸ್ತಾನ್ ಮತ್ತು ತುರ್ಕಿ ದೇಶಗಳ ಹೆಸರಿನಲ್ಲಿ ಅದು ಇನ್ನೊಮ್ಮೆ ಸೇರಿತು.

ಮನೆ ಬಿಟ್ಟು ಹೊರಟವರ ಕಷ್ಟವನ್ನು ಈ ರೊಟ್ಟಿಯಿಂದ ಚೆನ್ನಾಗಿ ಅಳೆಯಬಹುದು. ಹಿಟ್ಟು ಎಲ್ಲ ಊರಿನಲ್ಲೂ ದೊರೆಯುತ್ತದೆ. ಲಟ್ಟಣಿಗೆಯನ್ನು ಗಂಟಿನಲ್ಲಿ ಕಟ್ಟಿಕೊಂಡು ಹೋಗಬಹುದು. ಆದರೆ ಯಾವ ಇಳಿಜಾರಿನಲ್ಲಿ, ಹಿಮ ಕರಗಿದ ಎಷ್ಟನೆಯ ದಿನ, ಯಾವ ಸೊಪ್ಪು ತಲೆಯೆತ್ತುತ್ತದೆಂಬ ತಿಳಿವಳಿಕೆ ಆ ಬೆಟ್ಟಕ್ಕೇ ಅಂಟಿಕೊಂಡದ್ದು. ಹೊಸ ಊರಿನಲ್ಲಿ ಅದನ್ನು ಮೊದಲಿಂದ ಕಲಿಯಬೇಕು. ಬೆಟ್ಟವನ್ನೇ ಕಾಣದ ಮಕ್ಕಳಿಗೆ ಸೊಪ್ಪಿನ ಹೆಸರುಗಳನ್ನು ಪೇಟೆಯ ಕಟ್ಟುಗಳಿಂದ ಕಲಿಸಬೇಕು. ಬಾಕುವಿಗೆ ಬಂದು ನೆಲೆಸಿದ ತಾಯಿಗೂ, ಯೆರೆವಾನಿಗೆ ಬಂದು ನೆಲೆಸಿದ ತಾಯಿಗೂ ಇದು ಒಂದೇ ಕೆಲಸ. ಇಬ್ಬರೂ ಅದನ್ನು ಬಿಟ್ಟಿಲ್ಲ. ವಸಂತ ಬಂದಾಗ ಇಬ್ಬರ ಕಾವಲಿಯೂ ಕಾಯುತ್ತದೆ. ಇಬ್ಬರ ಬೆರಳುಗಳಿಗೂ ಸೊಪ್ಪಿನ ಹಸಿರು ಮೆತ್ತಿಕೊಳ್ಳುತ್ತದೆ.